ಹಂದಿ ಏರಿ ಬಂದ ಪಟ್ಟದ ಗೊಂಬೆ

ಪ್ಲಾಸ್ಟಿಕ್ಕೋ ಲೋಹವೋ ಎಂಬ ಪ್ರಶ್ನೆಯನ್ನು ಬೇರೆ ದೇಶಗಳಲ್ಲಿ ಹೇಗೆ ತೀರ್ಮಾನಿಸುತ್ತಾರೋ ನನಗೆ ಗೊತ್ತಿಲ್ಲ. ಕೋಲ್ಕತ್ತಾದಲ್ಲಿ ಅದನ್ನು ತೀರ್ಮಾನಿಸುತ್ತಿದ್ದದ್ದು ಸೀಲಿಂಗ್ ಫ್ಯಾನು.

ನಾನಾಗ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ. ನಿನ್ನ ಹುಟ್ಟುಗುಣಕ್ಕೆ ಹೇಳಿ ಮಾಡಿಸಿದ ಕೆಲಸ ಎಂದು ನನ್ನ ಗಂಡ ಹೇಳುತ್ತಿದ್ದ. ಆ ದಿನಗಳಲ್ಲಿ ಅಲ್ಲಿ ನಿನ್ನೆ ಕೊಳವಿದ್ದ ಕಡೆ ಇವತ್ತು ಗಾಜಿನ ಕಟ್ಟಡ ಇರುತ್ತಿತ್ತು. ಆನ್‌ಸೈಟ್ ಎಂದು ಕಂಪನಿಯ ಕೆಲಸಕ್ಕೆ ವಿದೇಶಕ್ಕೆ ಹೋಗಿ ಬಂದವರು ಕಾಶಿಗೆ ಹೋಗಿ ಬಂದವರ ಹಾಗೆ ಏನಾದರೊಂದನ್ನು ಬಿಟ್ಟು ಬರುತ್ತಿದ್ದರು, ಏನಾದರೊಂದನ್ನು ತರುತ್ತಿದ್ದರು. ನಮ್ಮ ಟೀಮ್ ಲೀಡ್, ದಪ್ಪ ಕನ್ನಡಕದ ಬಂಗಾಳಿ, ಇಂಗ್ಲೆಂಡಿನಲ್ಲಿ ಸಿಗರೇಟು ಬಿಟ್ಟು ಬಂದ. ತಂದದ್ದು ಒಂದು ಆಟ.

ಆಟ ಇಷ್ಟೇ. ಊಟದ ಮೇಜೇ ರಣರಂಗ. ಅದರ ಮೇಲೆ ಪುಸ್ತಕ ಪೇರಿಸಿದರೆ ಗುಡ್ಡ, ನೀಲಿ ಟವೆಲ್ ಹಾಸಿದರೆ ನದಿ. ಹೆಬ್ಬೆರಳಿನೆತ್ತರದ ಗೊಂಬೆಗಳೇ ಸೈನಿಕರು. ಒಬ್ಬನ ಕಡೆ ಗಡ್ಡದ ಕುಳ್ಳರು, ಇನ್ನೊಬ್ಬನ ಕಡೆ ಚೂಪು ಕಿವಿಯ ಬಿಲ್ಲುಗಾರರು, ಮತ್ತೊಬ್ಬನ ಕಡೆ ಗೋರಿಯಿಂದ ಎದ್ದು ಬಂದ ಹೆಣಗಳು. ನನ್ನ ಪಾಲಿಗೆ ಬಂದವರು ಗಾಬ್ಲಿನ್‌ಗಳು, ಅಂದರೆ ಕೋರೆಹಲ್ಲಿನ, ಹಸಿರು ಮೈಯ ಗಿಡ್ಡ ರಾಕ್ಷಸರು. ದಾಳ ಉರುಳಿಸಿ, ದರ್ಜಿಯ ಟೇಪಿನಿಂದ ಅಳೆದು, ಗೊಂಬೆಗಳನ್ನು ಮುಂದೆ ಸರಿಸಿ ಹೊಡೆದಾಡಿಸಬೇಕು. ಪ್ರತಿ ಶನಿವಾರ ಮಧ್ಯಾಹ್ನ ಜಾದವ್‌ಪುರದ ಅವನ ಮನೆಯಲ್ಲಿ ನಾಲ್ಕು ಜನ ಎಂಜಿನಿಯರುಗಳು ಇದನ್ನು ಮಾಡುತ್ತಿದ್ದೆವು. ಅವನ ತಾಯಿ ನಮ್ಮನ್ನು ಕಾಯಿಲೆಯವರನ್ನು ನೋಡುವಂತೆ ನೋಡಿ, ಲುಚಿ ಎಂಬ ಮೈದಾ ಪೂರಿ ಮತ್ತು ಆಲೂಗಡ್ಡೆ ಪಲ್ಯ ಇಟ್ಟು ಒಳಗೆ ಹೋಗುತ್ತಿದ್ದರು.

ಪ್ಲಾಸ್ಟಿಕ್ ಗೊಂಬೆ ಹಗುರ. ಒಬ್ಬನ ತಲೆ ಕತ್ತರಿಸಿ ಇನ್ನೊಬ್ಬನಿಗೆ ಅಂಟಿಸಬಹುದು, ಕೈಗೆ ಬೇಕಾದ ಆಯುಧ ಕೊಡಬಹುದು. ಆದರೆ ಮೇ ತಿಂಗಳಲ್ಲಿ ಫ್ಯಾನು ಹಾಕಿದರೆ ಇಡೀ ಕಾಲಾಳುಪಡೆ ಯುದ್ಧಕ್ಕೆ ಮೊದಲೇ ಅಂಗಾತ ಮಲಗುತ್ತಿತ್ತು. ಫ್ಯಾನು ನಿಲ್ಲಿಸಿದರೆ ಸೈನಿಕರು ನಿಲ್ಲುತ್ತಿದ್ದರು, ನಾವು ಬೀಳುತ್ತಿದ್ದೆವು. ಲೋಹದ ಗೊಂಬೆ ಫ್ಯಾನಿಗೆ ಜಗ್ಗುವುದಿಲ್ಲ. ಆದರೆ ಮೇಜಿನಿಂದ ಒಮ್ಮೆ ಬಿದ್ದರೆ ಕತ್ತಿ ಬಗ್ಗುತ್ತದೆ, ಬಣ್ಣ ಹಾರುತ್ತದೆ, ಬರಿಗಾಲಿನ ಮೇಲೆ ಬಿದ್ದರೆ ಕಾಲೂ ಹೋಗುತ್ತದೆ. ಹೀಗಾಗಿ ನಮ್ಮಲ್ಲಿ ಎರಡು ಪಕ್ಷಗಳಾಗಿದ್ದವು. ಕೈಯಲ್ಲಿ ತೂಗಿದರೆ ರಾಜನೆಂಬ ಭಾವನೆ ಬರಬೇಡವೇ ಎನ್ನುವುದು ಲೋಹದವರ ವಾದ. ಪ್ಲಾಸ್ಟಿಕ್ ಪಕ್ಷದವರು ವಾದ ಮಾಡುತ್ತಿರಲಿಲ್ಲ, ಲೋಡ್‌ಶೆಡ್ಡಿಂಗಿಗೆ ಕಾಯುತ್ತಿದ್ದರು. ಕಂಪ್ಯೂಟರಿನಲ್ಲಿ ಅನ್ನ ಹುಟ್ಟಿಸಿಕೊಳ್ಳುವವರು ಕರೆಂಟು ಬಂದದ್ದಕ್ಕೆ ಮುಖ ಹುಳ್ಳಗೆ ಮಾಡಿಕೊಳ್ಳುವುದನ್ನು ನಾನು ಆ ಮನೆಯಲ್ಲಿಯೇ ನೋಡಿದ್ದು.

ನಾನು ಯಾವ ಪಕ್ಷವೂ ಅಲ್ಲ, ಯಾಕೆಂದರೆ ನನ್ನ ಬಳಿ ಸೈನ್ಯವೇ ಇರಲಿಲ್ಲ. ಎಸ್ಪ್ಲನೇಡಿನ ಹತ್ತಿರ ನನ್ನ ಅಪ್ಪನದೊಂದು ಸಣ್ಣ ಉಡುಪಿ ಹೋಟೆಲು. ಅಲ್ಲಿಂದ ಸೋಡಾ ಬಾಟಲಿಯ ಮುಚ್ಚಳಗಳನ್ನು ಚೀಲದಲ್ಲಿ ತಂದು, ಹಸಿರು ಬಣ್ಣ ಬಳಿದು, ಅವನ್ನೇ ಗಾಬ್ಲಿನ್‌ಗಳೆಂದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದೆ. ಒಂದು ವರ್ಷ ಸಹಿಸಿಕೊಂಡ ಟೀಮ್ ಲೀಡ್ ಕಡೆಗೊಂದು ದಿನ ಖಡಾಖಂಡಿತವಾಗಿ ಹೇಳಿದ. ದುರ್ಗಾಪೂಜೆಯ ರಜೆಯಲ್ಲಿ, ಅಷ್ಟಮಿಯ ದಿನ ಮಹಾಯುದ್ಧ. ಅದಕ್ಕೆ ನನ್ನ ರಾಜನಾದರೂ ನಿಜವಾದ ಗೊಂಬೆಯಾಗಿರಬೇಕು. ಅವನು ಮತ್ತೆ ಇಂಗ್ಲೆಂಡಿಗೆ ಹೊರಟಿದ್ದ, ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಡಬ್ಬಿ ತರಬಲ್ಲ. ಪ್ಲಾಸ್ಟಿಕ್ ಆದರೆ ಡಬ್ಬಿ ತುಂಬ ಇಪ್ಪತ್ತು ಸೈನಿಕರೂ ಒಬ್ಬ ನಾಯಕನೂ. ಲೋಹವಾದರೆ ಎರಡೇ ಗೊಂಬೆ. ಯೋಚಿಸಿ ಹೇಳು ಎಂದ.

ಈಗ ನಮ್ಮ ಮನೆಯ ವಿಚಾರ ಹೇಳಬೇಕು. ನನ್ನ ಗಂಡ ಮೈಸೂರಿನವನು, ಅಲಿಪುರದ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ವರ್ಗವಾಗಿ ಬಂದವನು. ಜೊತೆಗೆ ಅತ್ತೆ ಬಂದರು, ಅತ್ತೆಯ ಜೊತೆಗೆ ಮೂರು ಟ್ರಂಕು ಗೊಂಬೆಗಳು ಬಂದವು. ಮೈಸೂರಿನ ಕಡೆ ದಸರಾದಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ತುತ್ತತುದಿಯ ಮೆಟ್ಟಿಲು ಪಟ್ಟದ ಗೊಂಬೆಗೆ, ಅಂದರೆ ಮರದ ರಾಜ ರಾಣಿಗೆ. ಆ ಜೋಡಿಯನ್ನು ಕೊಂಡುಕೊಳ್ಳುವಂತಿಲ್ಲ. ಮದುವೆಯಲ್ಲಿ ಹೆಣ್ಣಿನ ತವರಿನವರು ಕೊಟ್ಟು ಕಳಿಸಬೇಕು. ಅತ್ತೆಯ ಜೋಡಿ ಮೂಗು ಸವೆದು, ಬಣ್ಣ ಮಾಸಿ, ಇನ್ನೂ ಗತ್ತಿನಿಂದ ಕೂರುತ್ತಿತ್ತು. ಅದರ ಪಕ್ಕದಲ್ಲಿ ಒಂದು ಅಂಗೈಯಗಲ ಜಾಗವನ್ನು ಅತ್ತೆ ಖಾಲಿ ಬಿಡುತ್ತಿದ್ದರು. ಅದು ನನ್ನದು.

ನಮ್ಮದು ಉಡುಪಿ ಕಡೆ. ನಮ್ಮಲ್ಲಿ ಈ ಗೊಂಬೆಯ ಪದ್ಧತಿಯೇ ಇಲ್ಲ. ಅಮ್ಮ ನಾನು ಕಾಲೇಜಿನಲ್ಲಿದ್ದಾಗ ಹೋಗಿಬಿಟ್ಟಳು. ಇದ್ದಿದ್ದರೆ ಮೈಸೂರಿನವರಿಗೆ ಏನು ಕೊಡಬೇಕು ಎಂದು ನಾಲ್ಕು ಜನರನ್ನು ಕೇಳುತ್ತಿದ್ದಳು. ಅಪ್ಪನಿಗೆ ಮಗಳ ಮೇಲಿನ ಪ್ರೀತಿಯನ್ನು ತೋರಿಸಲು ಗೊತ್ತಿದ್ದದ್ದು ಒಂದೇ ದಾರಿ, ಅವನು ಹೋಟೆಲಿಗೆ ಆಗುವಷ್ಟು ದೊಡ್ಡ ಗ್ರೈಂಡರ್ ಕೊಟ್ಟ. ನಮ್ಮ ಮೂವರ ಮನೆಯಲ್ಲಿ ಒಮ್ಮೆ ಹಿಟ್ಟು ರುಬ್ಬಿದರೆ ಇಡೀ ಪಾಡಾಕ್ಕೆ, ಅಂದರೆ ಕೇರಿಗೇ, ಹಂಚಬೇಕಾಗುತ್ತಿತ್ತು. ಗ್ರೈಂಡರನ್ನು ಮೆಟ್ಟಿಲ ಮೇಲೆ ಕೂರಿಸುವಂತಿರಲಿಲ್ಲ. ಎರಡು ದಸರಾ ಆ ಜಾಗ ಖಾಲಿಯೇ ಇತ್ತು. ಗೊಂಬೆ ನೋಡಲು ಬಂದ ಕನ್ನಡ ಸಂಘದ ಹೆಂಗಸರು, ಇದೇನು ಇಲ್ಲಿ, ಎಂದು ಕೇಳಿದರೆ ಅತ್ತೆ, ಇರಲಿ ಬಿಡಿ, ಎನ್ನುತ್ತಿದ್ದರು. ಸುಮ್ಮನಿದ್ದು ಮಾತಾಡುವುದರಲ್ಲಿ ಮೈಸೂರಿನವರನ್ನು ಮೀರಿಸುವವರಿಲ್ಲ. ನನಗೆ ಆ ಜಾಗ ಕಂಡರೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಹಿಂದೆಯೇ ಅಮ್ಮನ ನೆನಪು ಬರುತ್ತಿತ್ತು, ಅದಕ್ಕೆ ಇನ್ನೂ ಸಿಟ್ಟು ಬರುತ್ತಿತ್ತು.

ಡಬ್ಬಿಯ ವಿಷಯ ಬಂದ ವಾರ ನಾನು ಊಟದ ಹೊತ್ತಿನಲ್ಲೂ ಅದನ್ನೇ ಜಪಿಸುತ್ತಿದ್ದೆ. ಗೊಂಬೆ ಎಂಬ ಶಬ್ದ ಕಿವಿಗೆ ಬಿದ್ದು ಅತ್ತೆ ಅಡುಗೆಮನೆಯಿಂದ ಕೇಳಿದರು, ಎಂಥಾ ಗೊಂಬೆಯಮ್ಮಾ ಅದು. ಲೋಹದ ಗೊಂಬೆಯನ್ನು ಯಾವುದರಿಂದ ಮಾಡುತ್ತಾರೆಂದು ನನಗೆ ಇಂಗ್ಲಿಷಿನಲ್ಲಿ ಗೊತ್ತಿತ್ತು, ಕನ್ನಡದಲ್ಲಿ ಗೊತ್ತಿರಲಿಲ್ಲ. ನಾನು ಕೋಲ್ಕತ್ತಾದಲ್ಲೇ ಬೆಳೆದವಳು. ನನ್ನ ಕನ್ನಡದಲ್ಲಿ ತಿಂಡಿಗಳ ಹೆಸರೆಲ್ಲ ಉಡುಪಿಯವು, ತರಕಾರಿ ಬಂಗಾಳಿ, ಕೋಪ ಬಂದರೆ ಹಿಂದಿ. ಲೋಹಗಳ ಹೆಸರು ಯಾವ ಭಾಷೆಯಲ್ಲೂ ಬೇಕಾಗಿರಲಿಲ್ಲ. ಪೇಪರ್ ಓದುತ್ತಿದ್ದ ಗಂಡನನ್ನು ಕೇಳಿದೆ. ಅವನು ತಲೆ ಎತ್ತದೆ, ತವರ, ಎಂದು ಪುಟ ಮಗುಚಿದ.

ನಾನು ಅಡುಗೆಮನೆಗೆ ಹೋಗಿ ಹೇಳಿದೆ. "ತವರ ಗೊಂಬೆ ಅತ್ತೆ. ಎರಡೇ ಬರುತ್ತೆ. ರಾಜ, ಬೇಕಾದ್ರೆ ರಾಣಿ."

ಸರಿಯಾಗಿ ಕನ್ನಡ ಬಲ್ಲವರು ತವರದ ಗೊಂಬೆ ಎನ್ನುತ್ತಾರೆ. ನಾನು ಒಂದು ದಕಾರ ನುಂಗಿದೆ. ದಕಾರ ನುಂಗಿದರೆ ತವರದ ಗೊಂಬೆಗೂ ತವರುಮನೆಯ ಗೊಂಬೆಗೂ ವ್ಯತ್ಯಾಸ ಉಳಿಯುವುದಿಲ್ಲ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಆ ಕ್ಷಣದಲ್ಲಿ ನನಗೆ ಕಂಡದ್ದು ಇಷ್ಟು. ಅತ್ತೆ ಸಾರಿನ ಕೆಳಗಿನ ಉರಿ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಕಡೆ ಪೂರ್ತಿಯಾಗಿ ತಿರುಗಿದರು. ನನ್ನ ಆಟದ ಬಗ್ಗೆ ಅವರು ಅಷ್ಟು ಆಸ್ಥೆ ತೋರಿಸಿದ್ದು ಅದೇ ಮೊದಲು.

ಜೋಡಿಯೇ ಬರುತ್ತದೆಯೇ ಎಂದು ಕೇಳಿದರು. ರಾಣಿಯಿಲ್ಲದೆ ರಾಜನೂ ಆಡಬಹುದು ಎಂದೆ. ರಾಣಿ ಬಿಟ್ಟವನು ಎಂಥಾ ರಾಜ ಎಂದರು. ನಾನಿನ್ನೂ ನಿರ್ಧರಿಸಿಲ್ಲ, ಪ್ಲಾಸ್ಟಿಕ್ಕಿನಲ್ಲಿ ತರಿಸಿದರೆ ಅದೇ ತೂಕಕ್ಕೆ ಇಪ್ಪತ್ತು ಸಿಗುತ್ತವೆ ಎಂದೆ. ಪ್ಲಾಸ್ಟಿಕ್ ಎಂಬ ಮಾತಿಗೆ ಅವರ ಮುಖದಲ್ಲಿ ಕಾಣಿಸಿಕೊಂಡ ನೋವನ್ನು ನಮ್ಮ ಲೋಹದ ಪಕ್ಷದವರಲ್ಲೂ ನಾನು ಕಂಡಿರಲಿಲ್ಲ. ಪ್ಲಾಸ್ಟಿಕ್ಕನ್ನು ಹುಣಸೆಹಣ್ಣು ಹಾಕಿ ತೊಳೆಯೋಕಾಗುತ್ತಾ ಎಂದರು. ಪ್ಲಾಸ್ಟಿಕ್ಕನ್ನು ಮಗಳಿಗೆ ಕೊಡೋಕಾಗುತ್ತಾ ಎಂದರು. ಚಿಕ್ಕಂದಿನಲ್ಲಿ ತಮ್ಮ ಬೀದಿಗೆ ಕಲಾಯಿಯವನು ಬರುತ್ತಿದ್ದದ್ದನ್ನೂ, ಅವನು ಕುಲುಮೆ ಊದಿ ಕಪ್ಪು ಹಿಡಿದ ಪಾತ್ರೆಯ ಒಳಗೆ ಬೆಳ್ಳಿಯಂಥ ಹೊಳಪು ಬಳಿಯುತ್ತಿದ್ದದ್ದನ್ನೂ, ತಾವು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದದ್ದನ್ನೂ ಹೇಳಿ, ಪ್ಲಾಸ್ಟಿಕ್ಕಿಗೆ ಯಾರಾದರೂ ಕಲಾಯಿ ಹಾಕುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ನಾನು ಇಲ್ಲವೆಂದು ಒಪ್ಪಿದೆ.

ಶನಿವಾರ ಈ ವಾದಗಳನ್ನೆಲ್ಲ ಮೇಜಿನ ಮುಂದಿಟ್ಟೆ. ಲೋಹದ ಪಕ್ಷದವರು ಚಪ್ಪಾಳೆ ತಟ್ಟುವುದೊಂದು ಬಾಕಿ. ಮುಂದಿನ ತಲೆಮಾರಿಗೆ ದಾಟಿಸುವ ಮಾತನ್ನು ಇದುವರೆಗೆ ಯಾರೂ ಎತ್ತಿರಲಿಲ್ಲ. ಟೀಮ್ ಲೀಡ್ ಹುಣಸೆಹಣ್ಣಿನ ಬಗ್ಗೆ ವಿವರ ಕೇಳಿದ. ಹಳೆಯ ಬಣ್ಣ ತೆಗೆಯುವುದಕ್ಕೆ ಅದು ಆಗಬಹುದೆಂದು ಅವನಿಗೆ ಅನ್ನಿಸಿತ್ತು. ನಿಮ್ಮ ಅತ್ತೆ ಎಷ್ಟು ವರ್ಷದಿಂದ ಆಡುತ್ತಿದ್ದಾರೆ ಎಂದೂ ಕೇಳಿದ. ಹೀಗೆ ನಾನು ಲೋಹದ ಪಕ್ಷ ಸೇರಿದೆ, ರಾಜ ರಾಣಿಯ ಜೋಡಿ ಹೇಳಿದೆ. ಸೈನ್ಯಕ್ಕೆ ಮುಚ್ಚಳಗಳೇ ಗತಿ.

ಟೀಮ್ ಲೀಡ್ ಇಂಗ್ಲೆಂಡಿನಲ್ಲಿದ್ದಾಗ ಒಂದು ದಿನ ಅಪ್ಪ ಆಫೀಸಿಗೆ ಫೋನು ಮಾಡಿದ. ಹಿಂದೆ ತಟ್ಟೆ ಲೋಟಗಳ ಗಲಾಟೆ. ಆ ಗಲಾಟೆಯಲ್ಲೂ ಅವನ ದನಿ ಕಳ್ಳನ ದನಿಯಂತೆ ತಗ್ಗಿತ್ತು.

"ಮಗಾ, ನಾನು ನಿನ್ನ ಮನೆಗೆ ಎಂತ ಕಳ್ಸಿದ್ದು?"

ಏನೂ ಕಳಿಸಿಲ್ಲವಲ್ಲ ಎಂದೆ. ಹಾಗಾದರೆ ನಿನ್ನ ಅತ್ತೆ ಫೋನು ಮಾಡಿ ಯಾಕೆ ಉಪಕಾರ ಸ್ಮರಿಸಿದರು ಎಂದ. ತಡವಾದರೂ ಪದ್ಧತಿ ಬಿಡದೆ ನಡೆಸಿಕೊಟ್ಟಿರಿ, ಹೆಣ್ಣುಮಗಳಿಗೆ ಅದೊಂದು ಕೊರತೆಯಿತ್ತು ಎಂದರಂತೆ. ದೋಸೆ ಕಲ್ಲಿನ ಎದುರು ನಿಂತವನಿಗೆ ಅರ್ಧವೂ ಕೇಳಿಸಲಿಲ್ಲ. ಹೋಟೆಲು ನಡೆಸುವವನು ಗಿರಾಕಿಗೆ ಇಲ್ಲ ಎನ್ನುವುದಿಲ್ಲ, ಅಪ್ಪ ಎಲ್ಲದಕ್ಕೂ ಹೌದು ಹೌದು ಎಂದುಬಿಟ್ಟಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು.

ಫೋನು ಇಟ್ಟ ಮೇಲೆ ನಾನು ಅಡುಗೆಮನೆಯ ಮಾತುಕತೆಯನ್ನು ಮೊದಲಿನಿಂದ ಮನಸ್ಸಿನಲ್ಲಿ ಓಡಿಸಿ ನೋಡಿದೆ. ತಪ್ಪು ಹುಡುಕುವುದು ನನ್ನ ಕಸುಬು, ಸಿಕ್ಕಿತು. ಸಂಜೆ ಗಂಡನಿಗೆ ಹೇಳಿದರೆ ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ನೀನೇ ಹೇಳಿ ಸರಿಮಾಡು, ನನ್ನನ್ನು ಇದರಲ್ಲಿ ಎಳೆಯಬೇಡ ಎಂದ. ಸರಿಮಾಡುವ ಉದ್ದೇಶದಿಂದಲೇ ನಾನು ಅತ್ತೆಯ ಕೋಣೆಗೆ ಹೋದೆ. ಅವರು ಮಂಚದ ಮೇಲೆ ತಮ್ಮ ಮದುವೆಯ ಸೀರೆಯ ಒಂದು ತುಂಡು ಹಿಡಿದು, ಅಂಗೈಯಗಲಕ್ಕೆ ಕತ್ತರಿಸಿ, ಅಂಚು ಹೊಲಿಯುತ್ತಿದ್ದರು. ಹೊಸ ಜೋಡಿಗೆ ಹಾಸು. "ಆ ಜಾಗ ನೋಡಿದಾಗೆಲ್ಲ ನನಗೆ ಹೊಟ್ಟೆ ಚುರ್ ಅನ್ನೋದು ಕಣೆ," ಎಂದರು. "ತಾಯಿ ಇಲ್ಲದ ಹುಡುಗಿ, ಕೇಳೋದಾದ್ರೂ ಹೇಗೆ."

ಎರಡು ವರ್ಷ ನಾನು ಚುಚ್ಚುಮಾತು ಎಂದುಕೊಂಡಿದ್ದದ್ದು ಚುಚ್ಚುಮಾತಾಗಿರಲಿಲ್ಲ. ನನ್ನ ಜಾಗವನ್ನು ಬೇರೆ ಗೊಂಬೆ ಇಟ್ಟು ಮುಚ್ಚಬಾರದೆಂದು ಅವರು ಕಾದಿಟ್ಟಿದ್ದರು. ಈಗ ತವರಲ್ಲ ತವರ ಎಂದು ಹೇಳಿದರೆ ಆ ಜಾಗ ಮತ್ತೆ ಖಾಲಿ, ಅವರು ಸಂಘದವರಿಗೆಲ್ಲ ಆಗಲೇ ಹೇಳಿಕೊಂಡಿದ್ದೂ ಬರಿಮಾತು. ಹೇಳದಿದ್ದರೆ ಕೋರೆಹಲ್ಲಿನ ರಾಕ್ಷಸ ದಂಪತಿಗಳು ಪಟ್ಟಕ್ಕೇರುತ್ತಾರೆ. ನಾನು ಸೂಜಿಗೆ ದಾರ ಪೋಣಿಸಿಕೊಟ್ಟು ಹೊರಗೆ ಬಂದೆ.

ಡಬ್ಬಿ ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಬಂತು. ಅತ್ತೆ ಕೈಕಾಲು ತೊಳೆದು ಬಂದು ಎದುರಿಗೆ ಕೂತರು. ಒಳಗಿನಿಂದ ಬೂದು ಬಣ್ಣದ ಕೈಗಳು, ಕಾಲುಗಳು, ಒಂದು ಕೊಡಲಿ, ಒಂದು ಹಂದಿಯ ಮುಂಭಾಗ, ಅದೇ ಹಂದಿಯ ಹಿಂಭಾಗ ಉದುರಿದವು. ಲೋಹದ ಗೊಂಬೆಗಳು ಬಿಡಿಬಿಡಿಯಾಗಿ ಬರುತ್ತವೆ, ನಾವೇ ಅಂಟಿಸಬೇಕು. ಮುರಿದು ಬಂದಿದೆಯಲ್ಲೇ ಎಂದು ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಭಿನ್ನವಾದದ್ದನ್ನು ಕೂರಿಸುವಂತಿಲ್ಲ. ಈ ಊರಿನ ದುರ್ಗೆಗೂ ತಲೆ, ಕೈಬೆರಳು ಬೇರೆ ಮಾಡಿ ಆಮೇಲೆ ಕೂಡಿಸುತ್ತಾರಲ್ಲ ಎಂದು ಗಂಡ ಪೇಪರಿನ ಹಿಂದಿನಿಂದ ಹೇಳಿದ. ಮದುವೆಯಾದ ಮೇಲೆ ಅವನು ನನಗೆ ಮಾಡಿದ ದೊಡ್ಡ ಸಹಾಯ ಅದು. ಅತ್ತೆ ಯೋಚಿಸಿ ಒಪ್ಪಿದರು.

ಅಂಟಿಸಿ ನಿಲ್ಲಿಸಿದಾಗ ರಾಜ ಮುಸುಡಿ ಮೇಲೆತ್ತಿದ ಕಾಡುಹಂದಿಯ ಮೇಲೆ ಕೂತು ಕೊಡಲಿ ಎತ್ತಿದ್ದ. ಕೋರೆಹಲ್ಲು ಕಿವಿಯವರೆಗೆ. ರಾಣಿ ಕೆದರಿದ ಕೂದಲ ಮಾಟಗಾತಿ, ಕೈಯಲ್ಲಿ ಹಾವು ಸುತ್ತಿದ ಕೋಲು. ಎಲ್ಲ ಮುಗಿಯಿತು, ಈಗ ಸತ್ಯ ಹೇಳಲೇಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

"ನಿಮ್ಮ ಕಡೆ ದೈವವಾ?" ಎಂದು ಮೆಲ್ಲಗೆ ಕೇಳಿದರು.

ಕರಾವಳಿಯಲ್ಲಿ ಭೂತಾರಾಧನೆ ನಡೆಯುತ್ತದೆ, ಅಲ್ಲಿ ಹಂದಿಯ ದೈವವಿದೆ, ಮುಖಕ್ಕೆ ಹಳದಿ ಬಳಿಯುತ್ತಾರೆ, ಲೋಹದ ಮೂರ್ತಿ ಮಾಡುತ್ತಾರೆ ಎಂದೆಲ್ಲ ಅವರು ಕೇಳಿ ತಿಳಿದಿದ್ದರು. ನೋಡಿರಲಿಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬ ಗಾದೆ ಇಷ್ಟು ನೇರವಾಗಿ ಯಾರ ಮೇಲೂ ಎರಗಿರಲಾರದು. ನಾನು ತಲೆಯಾಡಿಸಿದೆ. ಕೋಲ್ಕತ್ತಾದಲ್ಲಿ ಬೆಳೆದವರಿಗೆ ಒಂದು ತಲೆಯಾಟ ಬರುತ್ತದೆ, ಅದನ್ನು ಹೌದೆಂದೂ ತಿಳಿಯಬಹುದು, ಅಲ್ಲವೆಂದೂ ತಿಳಿಯಬಹುದು.

ಬಣ್ಣದ ವಿಷಯದಲ್ಲಿ ಅತ್ತೆ ಬಿಗಿಯಾಗಿದ್ದರು. ಗಾಬ್ಲಿನ್ ಎಂದರೆ ಹಸಿರು ಎಂದು ಆಟದ ಪುಸ್ತಕದಲ್ಲಿತ್ತು. ನಿಮ್ಮ ಕಡೆ ಹಳದಿಯಲ್ಲವೇ ಎಂದು ಅತ್ತೆ ಕೇಳಿದರು. ರಾಜ ಅಪ್ಪಟ ಅರಿಶಿನ ಬಣ್ಣದವನಾದ, ಕೊಡಲಿಯ ಅಲುಗಿಗೆ ಕುಂಕುಮ ಬಂತು. ಕಣ್ಣು ಬಿಡಿಸುವ ದಿನಕ್ಕೆ ಇನ್ನೊಂದು ಚರ್ಚೆ. ಇಲ್ಲಿ ದುರ್ಗೆಗೆ ಮಹಾಲಯದ ದಿನ ಕಣ್ಣು ಬರೆಯುತ್ತಾರೆ ಎಂದು ನಾವು ಬೌದಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ಎದುರು ಮನೆಯ ಬಂಗಾಳಿ ಹೆಂಗಸು ಹೇಳಿದಳು. ಅಮಾವಾಸ್ಯೆಯ ದಿನ ಶುಭಕಾರ್ಯವೇ ಎಂದು ಅತ್ತೆ ತಳ್ಳಿಹಾಕಿದರು. ಕಡೆಗೆ ಪಾಡ್ಯದ ಬೆಳಿಗ್ಗೆ, ರಾಹುಕಾಲ ತಪ್ಪಿಸಿ, ನಾನು ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಿನಲ್ಲಿ ಕೂತು, ಸಾಸಿವೆ ಕಾಳಿನಷ್ಟು ಚಿಕ್ಕ ಕಣ್ಣುಗಳಿಗೆ ಬಣ್ಣ ಮುಟ್ಟಿಸಿದೆ. ಇಂಗ್ಲೆಂಡಿನಿಂದ ಬಂದ ಯಾವ ಗಾಬ್ಲಿನ್‌ಗೂ ಇಷ್ಟು ಮಡಿಯಲ್ಲಿ ದೃಷ್ಟಿ ಬಂದಿರಲಿಕ್ಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರಿಬ್ಬರೂ ಮದುವೆ ಸೀರೆಯ ತುಂಡಿನ ಮೇಲೆ, ಮೈಸೂರಿನ ಮಹಾರಾಜ ಮಹಾರಾಣಿಯರ ಪಕ್ಕದಲ್ಲಿ ಕೂತಿದ್ದರು. ಮಹಾರಾಜರ ಮುಖದಲ್ಲಿ ನೆರೆಮನೆಗೆ ಎಂಥವರೋ ಬಾಡಿಗೆಗೆ ಬಂದರೆಂಬ ಅಸಮಾಧಾನ ನನಗೆ ಕಂಡಿತು.

ಸಂಘದ ಹೆಂಗಸರು ಬಂದರು. ಧಾರವಾಡದ ಕಡೆಯವರೊಬ್ಬರು ಹತ್ತಿರ ಹೋಗಿ ಬಗ್ಗಿ ನೋಡಿ, ಇದ್ಯಾವ ದೇವ್ರರೀ, ಹಲ್ಲು ಭಾಳ ಅದಾವ, ಎಂದರು. ಸೊಸೆಯ ತವರಿನ ಕಡೆಯದು, ಅವರಲ್ಲಿ ಹೀಗೇ, ಎಂದು ಅತ್ತೆ ಹೇಳಿದ ರೀತಿಗೆ ಮುಂದೆ ಯಾರೂ ಬಾಯಿಬಿಡಲಿಲ್ಲ. ಆ ಹೆಂಗಸು ಹಿಂದೆ ಸರಿದು ಕೈಮುಗಿದರು. ಮಾಟಗಾತಿ ರಾಣಿಗೆ ಯಾರೋ ಹೂವು ಏರಿಸಿದರು, ಹೂವಿನ ಕೆಳಗೆ ರಾಣಿ ಪೂರ್ತಿ ಮುಚ್ಚಿಹೋದಳು.

ಅಷ್ಟಮಿಯ ಯುದ್ಧದ ಹೊತ್ತಿಗೆ ನನ್ನ ರಾಜ ಬಂದಿಯಾಗಿದ್ದ. ಪಟ್ಟಕ್ಕೆ ಕೂತ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ನನ್ನ ಮಾತು ನಂಬದ ಟೀಮ್ ಲೀಡ್ ಬೆಳಿಗ್ಗೆ ದುರ್ಗೆಗೆ ಪುಷ್ಪಾಂಜಲಿ ಮುಗಿಸಿಕೊಂಡು, ಹೊಸ ಜುಬ್ಬಾದಲ್ಲಿ, ನೋಡಿಯೇ ಬಿಡುತ್ತೇನೆಂದು ಮನೆಗೆ ಬಂದ. ತಾನು ಸೂಟ್‌ಕೇಸಿನಲ್ಲಿ ಸಾಕ್ಸುಗಳ ನಡುವೆ ಹೊತ್ತು ತಂದ ಗೊಂಬೆ ಅರಿಶಿನ ಮೈಯಲ್ಲಿ ದೀಪದ ಮುಂದೆ ಕೂತಿದ್ದನ್ನು ಬಹಳ ಹೊತ್ತು ನೋಡಿದ. ಪೂಜೆಯ ನಾಲ್ಕು ದಿನ ಬಂಗಾಳಿಗಳ ಕೈ ತಾನೇ ತಾನಾಗಿ ಮುಗಿಯುತ್ತದೆ, ಅವನದೂ ಮುಗಿಯಿತು. ಆಮೇಲೆ ಗೋಡೆಯ ಕಡೆ ತಿರುಗಿ, ಬಣ್ಣ ತಪ್ಪು, ಎಂದು ಇಂಗ್ಲಿ‍ಷಿನಲ್ಲಿ ಪಿಸುಗುಟ್ಟಿದ. ಅತ್ತೆ ಕೊಟ್ಟ ಕಡಲೆಕಾಳಿನ ಉಸಲಿ ತಿಂದ ಮೇಲೆ ತೀರ್ಪು ಕೊಟ್ಟ. ಪೂಜೆಯಲ್ಲಿರುವ ರಾಜನ ಪರವಾಗಿ ಒಂದು ಮುಚ್ಚಳ ಆಡಬಹುದು. ಅಂದು ನಾನು ಫ್ಯಾನಿನ ಕೆಳಗೆ ಮುಚ್ಚಳಗಳಿಂದ ಆಡಿ, ಅಚ್ಚರಿಯೆಂದರೆ, ಗೆದ್ದೆ. ಮುಚ್ಚಳಗಳು ಬೀಳುವುದಿಲ್ಲ. ಅವುಗಳಿಗೆ ನಿಲ್ಲಲು ಕಾಲೇ ಇಲ್ಲ.

ಪೂಜೆಯ ದಿನಗಳಲ್ಲಿ ಹೋಟೆಲಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಆದ್ದರಿಂದ ಅಪ್ಪ ಬಂದದ್ದು ದಶಮಿಯ ಬೆಳಿಗ್ಗೆ. ಆ ದಿನಕ್ಕೆ ನಾನು ಹೆದರಿಕೊಂಡೇ ಇದ್ದೆ. ಫೋನಿನಲ್ಲಿ ಅವನಿಗೆ ಎಲ್ಲ ಹೇಳಿದ್ದೆ, ಒಂದನ್ನು ಬಿಟ್ಟು. ದೈವದ ವಿಷಯ ಹೇಳಲು ಬಾಯಿ ಬಂದಿರಲಿಲ್ಲ. ಅಪ್ಪ ಗಿರಾಕಿಗೆ ನಿನ್ನೆಯ ಸಾಂಬಾರನ್ನು ಇವತ್ತಿನದು ಎಂದಾನು, ದೈವದ ಹೆಸರಿನಲ್ಲಿ ಸುಳ್ಳು ಹೇಳುವವನಲ್ಲ. ಊರಿನ ದೈವಕ್ಕೆ ವರ್ಷಕ್ಕೊಮ್ಮೆ ತೆಂಗಿನಕಾಯಿ ಕಳಿಸುವುದನ್ನು ಕೋಲ್ಕತ್ತಾಕ್ಕೆ ಬಂದ ಮೇಲೂ ಅವನು ತಪ್ಪಿಸಿರಲಿಲ್ಲ. ಅಂಥವನ ಮುಂದೆ ಇಂಗ್ಲೆಂಡಿನ ಹಂದಿ ಇತ್ತು.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಸಿಹಿಯ ಪೊಟ್ಟಣ ಕೊಟ್ಟು, ಗೊಂಬೆಗಳ ಮುಂದೆ ನಿಂತ. ಕಣ್ಣು ಮೆಟ್ಟಿಲು ಮೆಟ್ಟಿಲಾಗಿ ಏರಿ ತುದಿಯಲ್ಲಿ ನಿಂತುಬಿಟ್ಟಿತು. ಅತ್ತೆ ಪಕ್ಕದಲ್ಲಿ ನಿಂತು, ಇದು ನಿಮ್ಮ ಊರಿನ ಯಾವ ದೈವ, ನೈವೇದ್ಯಕ್ಕೆ ಏನು ಇಡಬೇಕು, ಗೊತ್ತಿಲ್ಲದೆ ಏನಾದರೂ ಅಪಚಾರ ಮಾಡಿದೆವೋ ಏನೋ ಎಂದು ಕೇಳಿದರು. ಕೆಳಗೆ ದುರ್ಗೆಯ ಪ್ಯಾಂಡಾಲಿನಲ್ಲಿ ಢಾಕ್ ಡೋಲು ಬಡಿಯುತ್ತಿತ್ತು. ಗಂಡ ಪೇಪರ್ ಇಳಿಸಿದ. ಹೇಳುವುದಿದ್ದರೆ ನಾನು ಹೇಳಬೇಕಾಗಿದ್ದದ್ದು ಆಗಲೇ, ಆದರೆ ನಾನು ಸಿಹಿಯ ಪೊಟ್ಟಣದ ದಾರದ ಗಂಟು ಬಿಚ್ಚತೊಡಗಿದೆ.

ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಸೀರೆಯ ತುಂಡನ್ನು ನೋಡಿದ.

"ದೈವ ಅಲ್ಲಮ್ಮಾ," ಎಂದ. "ದೈವ ಅಂತ ಹೇಳಿದ್ರೆ ನಾಲಿಗೆ ಬಿದ್ದು ಹೋಗ್ತದೆ. ಆದ್ರೆ ನಮ್ಮ ಮನೆಯದ್ದೇ."

"ಇವಳ ಅಮ್ಮ ಇದ್ರೆ ಅವಳೇ ತಂದು ಕೊಡ್ತಿದ್ಲು," ಎಂದ.

ಅಮ್ಮ ಜೀವಮಾನದಲ್ಲಿ ಗಾಬ್ಲಿನ್ ಎಂಬ ಶಬ್ದ ಕೇಳಿದವಳಲ್ಲ. ಹಂದಿಯನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಆದರೆ ಅಪ್ಪ ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ನನಗೆ ಅಳು ಬಂತು. ಹಳದಿ ರಾಕ್ಷಸನೊಬ್ಬನ ಎದುರು ನಿಂತು ಅಳುವುದು ಚೆನ್ನಾಗಿ ಕಾಣುವುದಿಲ್ಲವೆಂದು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅಲ್ಲಿ ಗ್ರೈಂಡರ್ ಇತ್ತು. ಅದಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತಿದ್ದೆ.

ಸಂಜೆ, ಪ್ಯಾಂಡಾಲಿನ ದುರ್ಗೆಯನ್ನು ಲಾರಿಗೆ ಏರಿಸುವ ಗಲಾಟೆ ಕಿಟಕಿಯಿಂದ ಬರುತ್ತಿರುವಾಗ, ಅತ್ತೆ ಪಟ್ಟದ ಗೊಂಬೆಗಳನ್ನು ಮಲಗಿಸಿದರು. ಅದೂ ಪದ್ಧತಿಯೇ, ದಶಮಿಯಂದು ರಾಜ ರಾಣಿಯರನ್ನು ಮಲಗಿಸಿ, ಆಮೇಲೆ ಟ್ರಂಕಿಗೆ. ಅವರ ಮರದ ಜೋಡಿ ಶಿಸ್ತಾಗಿ ಅಂಗಾತ ಮಲಗಿತು. ನನ್ನ ರಾಜನನ್ನು ಹಂದಿ ಸಮೇತ ಮಲಗಿಸುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಮಗ್ಗುಲಿಗೆ ಉರುಳಿಸಿದೆವು. ಅಡಿಪೀಠದ ತಳಕ್ಕೆ ನಾನು ಬಣ್ಣ ಹಾಕಿರಲಿಲ್ಲ. ಅತ್ತೆ ಅದನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಗೀರಿದರು. ಬೂದು ಬಣ್ಣದೊಳಗಿನಿಂದ ಬೆಳ್ಳಿಯಂಥ ಒಂದು ಗೆರೆ ಹೊಳೆಯಿತು.

"ತವರ ಬಹಳ ಮೆತ್ತಗೆ ಕಣೆ," ಎಂದರು. "ಕೊಡಲಿ ಬಗ್ಗದ ಹಾಗೆ ಹತ್ತಿ ಸುತ್ತು."

ತವರು ಎನ್ನಲಿಲ್ಲ. ತವರ ಎಂದರು, ಕೊನೆಯ ಅಕ್ಷರವನ್ನು ಸ್ಪಷ್ಟವಾಗಿ. ಕಲಾಯಿ ಎಂದರೆ ತವರವೇ ಎನ್ನುವುದು ನನಗೆ ಆಗ ನೆನಪಾಯಿತು. ಕಲಾಯಿಯವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಳೆದವರಿಗೆ ಆ ಹೊಳಪು ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇದು ತವರಿನಿಂದ ಬಂದದ್ದಲ್ಲ ಎಂದು ಅವರಿಗೆ ಯಾವಾಗಿನಿಂದ ಗೊತ್ತಿತ್ತೋ. ನಾನು ಹತ್ತಿ ಸುತ್ತಿದೆ. ಅವರು ಅದರ ಮೇಲೆ ಮದುವೆ ಸೀರೆಯ ತುಂಡು ಸುತ್ತಿ, ಟ್ರಂಕಿನಲ್ಲಿ ತಮ್ಮ ಜೋಡಿಯ ಪಕ್ಕಕ್ಕೇ ಇಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಕೈಯೂರಿ ಎದ್ದರು.

"ಮುಂದಿನ ವರ್ಷ ಆ ಪ್ಲಾಸ್ಟಿಕ್ಕಿನ ಇಪ್ಪತ್ತೂ ತರಿಸಿಬಿಡು," ಎಂದರು. "ರಾಜ ಅಂದಮೇಲೆ ಸೈನ್ಯ ಬೇಡ್ವೇನೆ. ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸೋಣ, ಅಲ್ಲಿಗೆ ಫ್ಯಾನಿನ ಗಾಳಿ ಬರಲ್ಲ."